ಫ್ಯಾಷನ್ ತಿರುಗಿ ಬರುತ್ತದೆ, ಬೂಟು ಕಾಯುವುದಿಲ್ಲ

(ಧಾರವಾಡದಲ್ಲಿ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಮತ್ತೆ ಮತ್ತೆ ಬಂದ ಮಾತುಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಪಾದರಕ್ಷೆಗಳ ಬಗ್ಗೆ ಮಾತಾಡುವವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಈ ಜೋಡಿ ಇನ್ನೂ ಗಟ್ಟಿಯಾಗಿಯೇ ಇದೆ, ಆದರೆ ಈಗ ಯಾರೂ ಇಂಥದ್ದು ಹಾಕುವುದಿಲ್ಲ. ಇಟ್ಟುಕೊಳ್ಳಲೋ, ಯಾರಿಗಾದರೂ ಕೊಟ್ಟುಬಿಡಲೋ?" ಇದಕ್ಕೆ ಪ್ರತಿ ಮನೆಯಲ್ಲೂ ಎರಡು ಉತ್ತರ ಸಿದ್ಧವಾಗಿರುತ್ತವೆ. ಹಿರಿಯರು "ಇರಲಿ ಇಡು, ರೊಕ್ಕ ಕೊಟ್ಟು ತಂದದ್ದು, ಆ ಫ್ಯಾಷನ್ ಮತ್ತ ಬರ್ತದ" ಅನ್ನುತ್ತಾರೆ. ಕಿರಿಯರು "ಕಪಾಟಿನಲ್ಲಿ ಜಾಗ ಇಲ್ಲ, ತೆಗೀರಿ" ಅನ್ನುತ್ತಾರೆ. ಗಮನಿಸಿ ನೋಡಿದರೆ ಇಬ್ಬರೂ ಫ್ಯಾಷನ್ ನೋಡಿಕೊಂಡೇ ತೀರ್ಮಾನ ಹೇಳುತ್ತಿದ್ದಾರೆ. ಒಬ್ಬರಿಗೆ ಅದು ಬರುವ ನಂಬಿಕೆ, ಇನ್ನೊಬ್ಬರಿಗೆ ಅದು ಹೋದ ಬೇಸರ.

ನಾನು ಇವತ್ತು ಕೇಳಿಕೊಳ್ಳುವುದು ಇಷ್ಟು. ಈ ತೀರ್ಮಾನವನ್ನು ಫ್ಯಾಷನ್ ಕೈಗೆ ಕೊಡಬೇಡಿ. ಅಟ್ಟೆ ಯಾವುದರಿಂದ ಮಾಡಿದ್ದು, ನಿಮ್ಮ ಪಾದ ಈಗ ಹೇಗಿದೆ, ಕಿತ್ತರೆ ಹೊಲಿದುಕೊಡುವವರು ಹತ್ತಿರ ಇದ್ದಾರೆಯೇ, ಇವನ್ನು ಕೇಳಿ. ಉತ್ತರ ಅಲ್ಲಿಂದ ಬರಲಿ.

ಹಿರಿಯರ ಮಾತು ಸುಳ್ಳೇನಲ್ಲ. ಫ್ಯಾಷನ್ ತಿರುಗಿ ಬಂದೇ ಬರುತ್ತದೆ. ಪಾದರಕ್ಷೆಯ ಇತಿಹಾಸ ನೋಡಿದರೆ ಇದರಷ್ಟು ಖಚಿತವಾದದ್ದು ಇನ್ನೊಂದಿಲ್ಲ. 14 ಮತ್ತು 15ನೆಯ ಶತಮಾನದ ಯುರೋಪಿನಲ್ಲಿ ಚೂಪು ಮೂತಿಯ ಬೂಟು ಹುಚ್ಚಿನಂತೆ ಹಬ್ಬಿತ್ತು. ಪೋಲೆಂಡಿನ ಕ್ರಾಕೋವ್ ನಗರದ ಹೆಸರೇ ಅದಕ್ಕೆ ಅಂಟಿಕೊಂಡಿತು. ಮೂತಿ ಉದ್ದವಾದಷ್ಟೂ ಮನುಷ್ಯ ದೊಡ್ಡವನು. ಇಂಗ್ಲೆಂಡಿನಲ್ಲಿ ನಾಲ್ಕನೆಯ ಎಡ್ವರ್ಡ್ ರಾಜನ ಕಾಲಕ್ಕೆ ಇದು ಎಷ್ಟು ಅತಿಯಾಯಿತೆಂದರೆ, 1463ರ ಕಾನೂನು ಪ್ರಭುಗಳ ದರ್ಜೆಗಿಂತ ಕೆಳಗಿನವರು ಎರಡು ಇಂಚಿಗಿಂತ ಉದ್ದ ಮೂತಿಯ ಬೂಟು ಹಾಕಬಾರದು ಎಂದು ತಡೆ ಹಾಕಿತು. 1500ರ ಹೊತ್ತಿಗೆ ಲೋಲಕ ಪೂರ್ತಿ ಆಚೆಗೆ ಹೋಯಿತು. ಎಂಟನೆಯ ಹೆನ್ರಿಯ ಚಿತ್ರಪಟಗಳನ್ನು ನೋಡಿ, ಬೂಟಿನ ಮುಂಭಾಗ ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿದೆ. ಅದೇ ಚೂಪು ಮೂತಿ 1950ರ ದಶಕದ ಕೊನೆಗೆ ಬ್ರಿಟನ್ನಿನ ಯುವಕರ ಕಾಲಿಗೆ ಮತ್ತೆ ಬಂತು. 2000ದ ಆಸುಪಾಸಿನಲ್ಲಿ ಬೆಂಗಳೂರು, ಹುಬ್ಬಳ್ಳಿಯ ಆಫೀಸುಗಳಲ್ಲೂ ಉದ್ದ ಮೂತಿಯ ಕರಿ ಬೂಟು ಕಂಡವರು ಇಲ್ಲಿ ಇದ್ದೀರಿ.

ಎತ್ತರದ ಅಟ್ಟೆಯ ಕಥೆಯೂ ಹೀಗೇ. ವೆನಿಸ್ ನಗರದ ಶ್ರೀಮಂತ ಹೆಂಗಸರು 15, 16ನೆಯ ಶತಮಾನದಲ್ಲೇ ಅಡಿಪೀಠದಂಥ ಪಾದರಕ್ಷೆ ಮೆಟ್ಟುತ್ತಿದ್ದರು. ಅದು ಮರೆತುಹೋದ ಎಷ್ಟೋ ಕಾಲದ ಮೇಲೆ, 1930ರ ದಶಕದಲ್ಲಿ, ಇಟಲಿಯ ಪಾದರಕ್ಷೆ ವಿನ್ಯಾಸಕಾರ ಸಾಲ್ವತೋರೆ ಫೆರಗಾಮೊ ದಪ್ಪ ಕಾರ್ಕ್ ಅಟ್ಟೆಯನ್ನು ಮಾಡಿದ. ಅದಕ್ಕೆ ಅಲಂಕಾರದ ಆಸೆಯೊಂದೇ ಕಾರಣವಲ್ಲ. ಹೀಲ್ಸ್ ಒಳಗೆ ಪಾದದ ಕಮಾನಿಗೆ ಆಧಾರವಾಗಿ ಕೂರಿಸುವ ಒಳ್ಳೆಯ ಉಕ್ಕಿನ ಪಟ್ಟಿ ಆಗ ಅಲ್ಲಿ ಸಿಗುತ್ತಿರಲಿಲ್ಲ, ಇದ್ದದ್ದು ಮುರಿಯುತ್ತಿತ್ತು. ಹಿಮ್ಮಡಿಗೂ ಮುಂಗಾಲಿಗೂ ನಡುವಿನ ಖಾಲಿ ಜಾಗವನ್ನೇ ಕಾರ್ಕಿನಿಂದ ತುಂಬಿಬಿಟ್ಟರೆ ಪಟ್ಟಿಯ ಗೋಜೇ ಇಲ್ಲ ಎಂದು ಆತನಿಗೆ ಹೊಳೆಯಿತು. ಕೊರತೆಯಿಂದ ಹುಟ್ಟಿದ ಆ ಉಪಾಯ ಫ್ಯಾಷನ್ ಆಯಿತು. 1970ರ ದಶಕದಲ್ಲಿ ಬೆಲ್‌ಬಾಟಮ್ ಜೊತೆ ನಮ್ಮಲ್ಲಿಗೂ ಬಂದು, ಹೋಗಿ, 1990ರ ದಶಕದಲ್ಲಿ ಇನ್ನೊಮ್ಮೆ ಬಂತು.

ನಿಮಗೆ ಹತ್ತಿರದ ಉದಾಹರಣೆ ಬೇಕಾದರೆ ಅಡಿಡಾಸ್‌ನ ಸಾಂಬಾ. ಮಂಜುಗಟ್ಟಿದ ನೆಲದಲ್ಲಿ ಫುಟ್‌ಬಾಲ್ ಆಡುವವರಿಗೆಂದು 1950ರ ಸುಮಾರಿಗೆ ಮಾಡಿದ ಬೂಟು ಅದು. 2022, 2023ರಲ್ಲಿ ಕಾಲೇಜಿನ ಹುಡುಗ ಹುಡುಗಿಯರೆಲ್ಲ ಅದರ ಹಿಂದೆ ಬಿದ್ದರು. ನಮ್ಮ ದೇಶದ್ದೇ ಇನ್ನೊಂದು ಇದೆ. ಶಾಲೆಯ ಶನಿವಾರದ ವ್ಯಾಯಾಮದ ಬಿಳಿ ಕ್ಯಾನ್ವಾಸ್ ಬೂಟು ನೆನಪಿದೆಯೇ? ಅದಕ್ಕೆ ಬಿಳಿ ಬಣ್ಣ ಬಳಿದು ಬಿಸಿಲಿಗೆ ಇಡುತ್ತಿದ್ದೆವು. 1936ರಲ್ಲಿ ಬಾಟಾ ಕಂಪನಿ ಕೊಲ್ಕತ್ತದ ಬಳಿಯ ಬಾಟಾನಗರದಲ್ಲಿ ಶಾಲಾ ಮಕ್ಕಳಿಗೆಂದು ಮಾಡಿದ ಬೂಟಿನ ಸಂತತಿ ಅದು. ಅದಕ್ಕೆ ಯಾರೂ ಫ್ಯಾಷನ್ ಅಂದಿರಲಿಲ್ಲ. ದಶಕಗಳ ಮೇಲೆ ಕಂಪನಿ ಅದನ್ನೇ ಹಳೆಯ ಕಾಲದ ಸೊಗಸು ಎಂದು ಮತ್ತೆ ಮಾರುಕಟ್ಟೆಗೆ ತಂದಿತು.

ಹಾಗಾದರೆ ಎಲ್ಲವನ್ನೂ ಎತ್ತಿಡಬಹುದಲ್ಲ? ಇಲ್ಲಿಂದ ಮುಂದಿನದೇ ನನ್ನ ಮುಖ್ಯ ಮಾತು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಅಣ್ಣನ ಮದುವೆಗೆಂದು ಒಳ್ಳೆಯ ಬೂಟು ತಂದಿರುತ್ತಾರೆ. ಒಂದೆರಡು ಸಲ ಹಾಕಿ, ಒರೆಸಿ, ಕಾಗದ ಸುತ್ತಿ, ಡಬ್ಬಿಯಲ್ಲಿಟ್ಟು ಮೇಲೆ ಎತ್ತಿಡುತ್ತಾರೆ. ಆರೇಳು ವರ್ಷ ಕಳೆದು ತಂಗಿಯ ಮದುವೆಗೆ ತೆಗೆದರೆ ನೋಡಲು ಹೊಸದರ ಹಾಗೇ ಇದೆ. ಛತ್ರದ ಮೆಟ್ಟಿಲು ಹತ್ತುವಾಗ ಅಟ್ಟೆ ಒಣಗಿದ ಮೈಸೂರು ಪಾಕಿನ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. "ಬಳಸಲೇ ಇಲ್ಲ, ಹೇಗೆ ಹಾಳಾಯಿತು? ಅಂಗಡಿಯವನು ಮೋಸ ಮಾಡಿದ" ಎಂದು ಸಿಟ್ಟಾಗುತ್ತಾರೆ. ಎಷ್ಟೋ ಸಲ ಅಂಗಡಿಯವನದು ತಪ್ಪಿರುವುದಿಲ್ಲ. ಆ ಅಟ್ಟೆ ಪಾಲಿಯುರೇಥೇನ್‌ನದು. ವ್ಯಾಪಾರದಲ್ಲಿ ಪಿಯು ಸೋಲ್ ಎನ್ನುತ್ತಾರೆ. ಹಗುರ, ಮೆತ್ತಗೆ, ಬೇಕಾದ ಆಕಾರಕ್ಕೆ ಸುಲಭವಾಗಿ ಬರುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಗಾಳಿಯಲ್ಲಿರುವ ತೇವ ಒಳಗೆ ಇಳಿದು ಅದರ ಅಣುಗಳ ಉದ್ದನೆಯ ಸರಪಣಿಯನ್ನು ತುಂಡು ತುಂಡು ಮಾಡುತ್ತ ಹೋಗುತ್ತದೆ. ಜಲವಿಶ್ಲೇಷಣೆ ಅಂದರೆ ಇದೇ. ಸೆಕೆ ಇದ್ದಲ್ಲಿ, ತೇವ ಇದ್ದಲ್ಲಿ ಇದು ಬೇಗ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದೊಳಗೆ ಆ ಅಟ್ಟೆಯ ಆಯುಷ್ಯ ಮುಗಿಯುತ್ತದೆ, ನೀವು ಹಾಕಿದರೂ, ಹಾಕದೇ ಇದ್ದರೂ. ಆಗಾಗ ಹಾಕಿ ನಡೆದ ಜೋಡಿಗಿಂತ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟ ಜೋಡಿಯೇ ಮೊದಲು ಹೋಗುವುದೂ ಉಂಟು.

ಬಟ್ಟೆಬರೆಯ ವ್ಯಾಪಾರದವರು ಫ್ಯಾಷನ್ನಿಗೆ ಇಪ್ಪತ್ತು ವರ್ಷದ ಸುತ್ತು ಎಂದು ವಾಡಿಕೆಯಲ್ಲಿ ಹೇಳುತ್ತಾರೆ. ಅಟ್ಟೆಗೆ ಹತ್ತು ವರ್ಷ, ಸುತ್ತಿಗೆ ಇಪ್ಪತ್ತು ವರ್ಷ. ಲೆಕ್ಕ ನೀವೇ ಹಾಕಿ. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಯಾವ ಬೂಟಿನಲ್ಲಿ ಫ್ಯಾಷನ್ನಿನ ಗುರುತು ಹೆಚ್ಚೋ ಅದೇ ಬೂಟಿನಲ್ಲಿ ಬೇಗ ಸಾಯುವ ವಸ್ತು ಹೆಚ್ಚು. 2017ರಲ್ಲಿ ಬಲೆನ್ಸಿಯಾಗ ಕಂಪನಿಯ ಟ್ರಿಪಲ್ ಎಸ್ ಬಂದ ಮೇಲೆ ಗುಡ್ಡದಂಥ ದಪ್ಪ ಅಟ್ಟೆಯ ಸ್ನೀಕರ್ ಎಲ್ಲೆಡೆ ಬಂತಲ್ಲ, ಅಂಥ ಬೂಟಿನ ಮೈಯೆಲ್ಲ ನೊರೆಯಂಥ ಪ್ಲಾಸ್ಟಿಕ್, ಅಂಟು, ರೆಕ್ಸಿನ್. ಈಗ ತೆಳು ಅಟ್ಟೆಯ ಕಾಲ ಬಂದಿದೆ ಎಂದು ಆ ದಪ್ಪ ಜೋಡಿಯನ್ನು ಮುಂದಿನ ಸುತ್ತಿಗೆ ಎತ್ತಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆ ಅದು ಇಷ್ಟವಿದ್ದರೆ ಇವತ್ತೇ ಹಾಕಿಕೊಂಡು ತಿರುಗಿ. ಹಳೆಯ ಫ್ಯಾಷನ್ ಎಂದು ಯಾರಾದರೂ ಅಂದರೆ ಅನ್ನಲಿ. ಇಷ್ಟವಿಲ್ಲದಿದ್ದರೆ ಅಟ್ಟೆಗೆ ಜೀವ ಇರುವಾಗಲೇ ಬೇರೆಯವರ ಕಾಲಿಗೆ ಹೋಗಲಿ.

ಎಲ್ಲ ಅಟ್ಟೆಯೂ ಪಿಯು ಅಲ್ಲ. ಓಡುವ ಬೂಟುಗಳಲ್ಲಿ ಹೆಚ್ಚಾಗಿ ಇರುವ ಇವಿಎ ಎಂಬ ನೊರೆಯಂಥ ಪ್ಲಾಸ್ಟಿಕ್ ಹೀಗೆ ಪುಡಿಯಾಗುವುದಿಲ್ಲ. ಅದರೊಳಗಿನ ಸಣ್ಣ ಗಾಳಿಗುಳ್ಳೆಗಳು ಕುಸಿದು ಅಟ್ಟೆ ಗಡುಸಾಗುತ್ತದೆ. ನೋಡಲು ಚೆನ್ನಾಗಿರುತ್ತದೆ, ಮಂಡಿಗೆ ಮಾತ್ರ ಗೊತ್ತಾಗುತ್ತದೆ. ರಬ್ಬರು ಬಿಸಿಲಿಗೆ, ಗಾಳಿಗೆ ಬಿರುಕು ಬಿಡುತ್ತದೆ. ಅಂಟು ಒಣಗಿ ಅಟ್ಟೆ ಬಾಯಿ ಬಿಟ್ಟರೆ ಚಿಂತೆಯಿಲ್ಲ, ಅದು ಸಣ್ಣ ರಿಪೇರಿ. ರೆಕ್ಸಿನ್ ಸಿಪ್ಪೆ ಏಳಲು ಶುರುವಾಯಿತೋ, ಅದಕ್ಕೆ ಮದ್ದಿಲ್ಲ. ಅಸಲಿ ಚರ್ಮಕ್ಕೆ ಎರಡೇ ಶತ್ರು, ಮಳೆಗಾಲದ ಬೂಷ್ಟು ಮತ್ತು ಬೇಸಿಗೆಯ ಒಣಗು. ಎರಡನ್ನೂ ತಡೆಯಬಹುದು.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಕಪಾಟಿನ ಹಿಂದಿನ ಜೋಡಿಗಳನ್ನು ಬೆಳಕಿಗೆ ತನ್ನಿ. ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳಿನಿಂದ ಒತ್ತಿ. ಒತ್ತಿದ ಗುರುತು ಹಾಗೇ ನಿಂತರೆ, ಅಂಟಂಟಾದರೆ, ಅಥವಾ ಪುಡಿ ಬಂದರೆ ಅದರ ಕಥೆ ಮುಗಿದಿದೆ. ಎರಡೂ ಕೈಯಲ್ಲಿ ಹಿಡಿದು ಮುಂಗಾಲಿನ ಜಾಗದಲ್ಲಿ ಬಾಗಿಸಿ, ಕೂದಲೆಳೆಯ ಬಿರುಕು ಕಾಣುತ್ತದೆಯೇ ನೋಡಿ. ಇಡುವುದೇ ಆದರೆ ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿಬಟ್ಟೆಯ ಚೀಲ ಸಾಕು. ತಗಡಿನ ಕೆಳಗಿನ ಅಟ್ಟದ ಮೇಲೆ ಇಡಬೇಡಿ, ಬೇಸಿಗೆಯಲ್ಲಿ ಅಲ್ಲಿ ಒಲೆಯ ಕಾವಿರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಆಗೀಗ ಹೊರಗೆ ತೆಗೆದು ಗಾಳಿಗಿಡಲೇಬೇಕು.

ಈಗ ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಜೋಡಿಯ ಬಗ್ಗೆ ಹೇಳುತ್ತೇನೆ. ನಾವು ಕೂತಿರುವ ಈ ಜಿಲ್ಲೆಗೂ ಅದಕ್ಕೂ ಸಂಬಂಧ ಇದೆ. ಕೊಲ್ಹಾಪುರಿ ಚಪ್ಪಲಿ ಅಂದಕೂಡಲೇ ಅದು ಮಹಾರಾಷ್ಟ್ರದ್ದು ಎಂದುಕೊಳ್ಳುತ್ತೇವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಎಂಟು ಜಿಲ್ಲೆಗಳಿಗೆ ಒಟ್ಟಿಗೆ ಸಿಕ್ಕಿತು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ, ಮದಭಾವಿಯ ಮನೆಗಳಲ್ಲಿ ತಲೆಮಾರುಗಳಿಂದ ಈ ಕಸುಬು ನಡೆದಿದೆ.

ಅದನ್ನು ಮಾಡುವ ರೀತಿ ನೋಡಿದರೆ ಅದು ಏಕೆ ಬಾಳುತ್ತದೆ ಎಂದು ಗೊತ್ತಾಗುತ್ತದೆ. ಹಳೆಯ ಪದ್ಧತಿಯಲ್ಲಿ ತೊಗಲನ್ನು ಹದ ಮಾಡಲು ಜಾಲಿಯ ತೊಗಟೆ, ಅಳಲೆಕಾಯಿ. ತೊಗಲನ್ನೇ ಚೀಲದ ಹಾಗೆ ಹೊಲಿದು, ತೊಗಟೆಯ ರಸ ತುಂಬಿ ತೂಗುಹಾಕುತ್ತಾರೆ. ಕ್ರೋಮಿಯಂ ಉಪ್ಪಿನಲ್ಲಿ ಬೇಗ ಮುಗಿಯುವ ಹದ ಇಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಅಟ್ಟೆಗೆ ದಪ್ಪ ತೊಗಲು, ಪದರದ ಮೇಲೆ ಪದರ. ಕೂಡಿಸಲು ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಅಟ್ಟೆ ಕೊಯ್ದು ಬಡಿಯುವುದು ಹೆಚ್ಚಾಗಿ ಗಂಡಸರು, ಮೇಲಿನ ಪಟ್ಟಿ ಹೆಣೆದು ಹೊಲಿಯುವುದು ಹೆಚ್ಚಾಗಿ ಹೆಂಗಸರು. ಆ ಹೆಣಿಗೆಯ ಸಣ್ಣತನದಲ್ಲೇ ಚಪ್ಪಲಿಯ ಬೆಲೆ ನಿಂತಿದೆ, ಆದರೂ ಆ ಹೆಣ್ಣುಮಕ್ಕಳ ಹೆಸರು ಯಾವ ಅಂಗಡಿಯ ಫಲಕದ ಮೇಲೂ ಇರುವುದಿಲ್ಲ. ಹೊಸದರಲ್ಲಿ ಕಚ್ಚುತ್ತದೆ. ಎಣ್ಣೆ ಸವರಿ ನಾಲ್ಕು ದಿನ ಮೆಟ್ಟಿದರೆ ನಿಮ್ಮ ಪಾದದ ಅಚ್ಚು ಅದರಲ್ಲಿ ಕೂರುತ್ತದೆ. ಆಮೇಲೆ ಅದು ನಿಮ್ಮದೇ. ನೀರು ಮಾತ್ರ ಆಗದು. ಮಳೆಗಾಲದಲ್ಲಿ ಅದನ್ನು ಒಳಗಿಟ್ಟು ರಬ್ಬರಿನದು ಹಾಕಿಕೊಳ್ಳುವುದು ನಮ್ಮ ಹಳ್ಳಿಗಳ ಹಳೆಯ ರೂಢಿ.

1970ರ ದಶಕದಲ್ಲಿ ಪಶ್ಚಿಮದ ಹಿಪ್ಪಿಗಳು ಈ ಚಪ್ಪಲಿ ಹಾಕಿದರು, ಫ್ಯಾಷನ್ ಆಯಿತು. ಹೋಯಿತು. 2025ರ ಜೂನಿನಲ್ಲಿ ಮಿಲಾನ್ ನಗರದ ಗಂಡಸರ ಉಡುಪಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇದನ್ನೇ ಹೋಲುವ ಚರ್ಮದ ಸ್ಯಾಂಡಲ್ ತೋರಿಸಿತು, ಭಾರತದ ಹೆಸರೆತ್ತಲಿಲ್ಲ. ನಮ್ಮಲ್ಲಿ ಆಕ್ಷೇಪ ಎದ್ದ ಮೇಲೆ, ಪ್ರೇರಣೆ ಇಲ್ಲಿಯದೇ ಎಂದು ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಎರಡೂ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ ಸೀಮಿತ ಸಂಖ್ಯೆಯ ಜೋಡಿಗಳನ್ನು ಮಾಡಿಸುವುದಾಗಿ ಹೇಳಿತು. ಆ ಗದ್ದಲದ ದಿನಗಳಲ್ಲಿ ಮೂಲೆಗೆ ಹಾಕಿದ್ದ ಕೊಲ್ಹಾಪುರಿಗಳನ್ನು ಎಷ್ಟೋ ಜನ ಹೊರಗೆ ತೆಗೆದರು. ತೆಗೆದು ನೋಡಿದಾಗ ಅವು ಹಾಕಿಕೊಳ್ಳುವಂತೆಯೇ ಇದ್ದವು ಎಂಬುದು ನನಗೆ ದೊಡ್ಡ ಸಂಗತಿ. ಅಥಣಿಯ ಸಂತೆಗೆ ಬರುವ ರೈತನಿಗೆ ಇದ್ಯಾವುದರ ಹಂಗೂ ಇರಲಿಲ್ಲ. ಆತ ಮೊದಲೂ ಮೆಟ್ಟುತ್ತಿದ್ದ, ಈಗಲೂ ಮೆಟ್ಟುತ್ತಾನೆ.

ಚರ್ಮದ ಬೂಟುಗಳಲ್ಲೂ ಇಂಥ ಒಂದು ಜಾತಿಯಿದೆ. ಮೇಲ್ಭಾಗಕ್ಕೂ ಅಟ್ಟೆಗೂ ನಡುವೆ ಸುತ್ತಲೂ ಒಂದು ಚರ್ಮದ ಪಟ್ಟಿ ಕೂರಿಸಿ, ಅಟ್ಟೆಯನ್ನು ಆ ಪಟ್ಟಿಗೆ ಹೊಲಿಯುತ್ತಾರೆ. ಈ ಹೊಲಿಗೆಯ ಯಂತ್ರವನ್ನು 1870ರ ಆಸುಪಾಸಿನಲ್ಲಿ ಬಳಕೆಗೆ ತಂದವನು, ರಬ್ಬರನ್ನು ಗಟ್ಟಿಗೊಳಿಸುವ ವಿಧಾನ ಕಂಡುಹಿಡಿದ ಗುಡ್‌ಇಯರ್‌ನ ಮಗ ಚಾರ್ಲ್ಸ್ ಗುಡ್‌ಇಯರ್ ಜೂನಿಯರ್. ಅಟ್ಟೆ ಸವೆದರೆ ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಹಾಕಬಹುದು, ಮೇಲ್ಭಾಗಕ್ಕೆ ಪೆಟ್ಟಿಲ್ಲ. ಕರಿಯದೋ ಕಂದು ಬಣ್ಣದ್ದೋ, ಸಾದಾ ಮೂತಿಯ ಇಂಥ ಲೇಸಿನ ಬೂಟು ನಿಮ್ಮಲ್ಲಿದ್ದರೆ ಯಾವ ಸುತ್ತು ಬಂದರೂ ಕೊಡಬೇಡಿ. ಇಂದು ಮಾರುವ ಹೆಚ್ಚಿನವು ಅಂಟಿಸಿದವು. ಅಂಚಿನಲ್ಲಿ ಕಾಣುವ ಹೊಲಿಗೆ ಕೆಲವೊಮ್ಮೆ ಬರೀ ಅಚ್ಚು ಹೊಡೆದ ಅಲಂಕಾರ. ಕೊಳ್ಳುವಾಗಲೇ ಅದನ್ನು ನೋಡಿದರೆ ಮುಂದೆ ಇಡುವ, ಬಿಡುವ ಪ್ರಶ್ನೆ ಅರ್ಧ ತೀರಿದ ಹಾಗೆ.

ಇದೆಲ್ಲ ನಿಂತಿರುವುದು ಒಬ್ಬ ಮನುಷ್ಯನ ಮೇಲೆ. ಬಸ್‌ಸ್ಟ್ಯಾಂಡಿನ ಹೊರಗೆ, ಮರದ ಕೆಳಗೆ, ಇಲ್ಲವೇ ಲಿಡ್ಕರ್ ಕೊಟ್ಟ ಪುಟ್ಟ ಗೂಡಂಗಡಿಯಲ್ಲಿ ಆರಿ, ರಂಪಿ, ದಾರ ಇಟ್ಟುಕೊಂಡು ಕೂರುವ ಮೋಚಿಯ ಮೇಲೆ. ಇಡಲೋ ಬಿಡಲೋ ಎಂದು ಗೆಳೆಯರನ್ನು ಕೇಳುವ ಮೊದಲು ಆ ಜೋಡಿಯನ್ನು ಅವರ ಕೈಗೆ ಕೊಡಿ. ತಿರುಗಿಸಿ ಮುರುಗಿಸಿ ನೋಡಿ ಹೇಳುತ್ತಾರೆ. ಕಿತ್ತ ಬಾರು, ಬಾಯಿಬಿಟ್ಟ ಅಟ್ಟೆ, ಸವೆದ ಹಿಮ್ಮಡಿಯ ತುದಿ, ಹರಿದ ಹೊಲಿಗೆ, ಮಾಸಿದ ಬಣ್ಣ, ಇವೆಲ್ಲ ಅವರ ಕೈಲಿ ಆಗುವ ಕೆಲಸ. ಬಿಗಿಯಾದ ಚರ್ಮದ ಬೂಟನ್ನು ಅಚ್ಚಿಗೆ ಹಾಕಿ ಅಗಲಕ್ಕೆ ಒಂದಿಷ್ಟು ಬಿಡಿಸಬಹುದು, ಉದ್ದ ಮಾಡಲಾಗದು. ಮೂತಿಯ ಆಕಾರ ಬದಲಿಸಲಾಗದು. ಹೀಲ್ಸ್ ಕತ್ತರಿಸಿ ಗಿಡ್ಡ ಮಾಡಿಸುತ್ತೇನೆ ಎನ್ನುವವರು ಕೇಳಿ: ಆ ಎತ್ತರಕ್ಕೆ ತಕ್ಕ ಹಾಗೆ ಒಳಗಿನ ಪಟ್ಟಿ ಬಾಗಿರುತ್ತದೆ. ಒಂದು ಸೆಂಟಿಮೀಟರಿಗಿಂತ ಹೆಚ್ಚು ಇಳಿಸಿದರೆ ಮೂತಿ ಮೇಲಕ್ಕೆ ನೋಡುತ್ತದೆ, ನಡಿಗೆಯ ತೂಕ ತಪ್ಪುತ್ತದೆ. ಒಳ್ಳೆಯ ಮೋಚಿ ಈ ಕೆಲಸ ಒಪ್ಪುವುದಿಲ್ಲ. ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಅವರು ನಿಮ್ಮ ಕಾಲು ಉಳಿಸುತ್ತಿದ್ದಾರೆ. ಅವರು ಕೇಳಿದ ಹಣದಲ್ಲಿ ಚೌಕಾಸಿಯನ್ನೂ ಮಾಡಬೇಡಿ. ಆ ಜಾಗ ಖಾಲಿಯಾದರೆ ನಮ್ಮ ಗಟ್ಟಿ ಜೋಡಿಗಳೂ ಸಣ್ಣ ಹರಕಿಗೇ ಕಸದಬುಟ್ಟಿ ಸೇರುತ್ತವೆ.

ಪಾದದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಇಪ್ಪತ್ತರ ಪಾದ ಐವತ್ತರಲ್ಲಿ ಇರುವುದಿಲ್ಲ. ವಯಸ್ಸಾದಂತೆ ಕಮಾನು ಇಳಿದು ಪಾದ ಉದ್ದ, ಅಗಲ ಆಗುತ್ತದೆ. ಬಸಿರಿನಲ್ಲಿ ಕೀಲುಗಳ ನಾರು ಸಡಿಲಗೊಂಡು ಕೆಲವರ ಪಾದ ಕಾಯಂ ಆಗಿ ದೊಡ್ಡದಾಗುತ್ತದೆ. ಹೆರಿಗೆಯ ನಂತರ ಹಳೆಯ ಹೀಲ್ಸ್ ಕಚ್ಚಿದರೆ ತೂಕ ಇಳಿಸಿ ಸರಿಮಾಡುತ್ತೇನೆ ಎಂದು ಕಾಯುವುದು ವ್ಯರ್ಥ. ಸಕ್ಕರೆ ಕಾಯಿಲೆ ಇರುವವರ ವಿಷಯ ಇನ್ನೂ ಗಂಭೀರ. ಪಾದದ ಸ್ಪರ್ಶ ಮಂದವಾದ ಮೇಲೆ ಬೂಟು ಕಚ್ಚಿದ್ದೇ ಗೊತ್ತಾಗುವುದಿಲ್ಲ, ಸಣ್ಣ ಗುಳ್ಳೆ ಹುಣ್ಣಾಗುತ್ತದೆ. ಅಂಥವರ ಕಪಾಟಿನಲ್ಲಿ ಬಿಗಿಯಾದ, ಚೂಪು ಮೂತಿಯ ಒಂದು ಜೋಡಿಯೂ ಇರಬಾರದು. ಎಷ್ಟೇ ದುಬಾರಿಯದಿರಲಿ, ಯಾರೇ ಉಡುಗೊರೆ ಕೊಟ್ಟಿರಲಿ. ಅಳತೆ ನೋಡುವುದಾದರೆ ಸಂಜೆ ನೋಡಿ, ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತದೆ.

ಬಿಡುವುದು ಎಂದು ತೀರ್ಮಾನವಾದರೆ ಎಲ್ಲಿಗೆ? ಜಗತ್ತಿನಲ್ಲಿ ವರ್ಷಕ್ಕೆ 2000 ಕೋಟಿಗೂ ಹೆಚ್ಚು ಜೋಡಿ ತಯಾರಾಗುತ್ತವೆ. ಮಾಡುವುದರಲ್ಲಿ ಚೀನಾದ ನಂತರ ಭಾರತ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದಂತೆ ಓಟದ ಬೂಟಿನ ಒಂದು ಜೋಡಿಯಿಂದ ಸುಮಾರು 14 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊಮ್ಮುತ್ತದೆ, ಅದರಲ್ಲಿ ದೊಡ್ಡ ಪಾಲು ತಯಾರಿಕೆಯಲ್ಲೇ. ಬಟ್ಟೆ, ನೊರೆ, ರಬ್ಬರು, ಲೋಹ ಎಲ್ಲ ಸೇರಿಸಿ ಅಂಟಿಸಿದ್ದರಿಂದ ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಮುಂಬೈಯ ಗ್ರೀನ್‌ಸೋಲ್ ಸಂಸ್ಥೆ ಹಳೆಯ ಬೂಟುಗಳಿಂದ ಚಪ್ಪಲಿ ಮಾಡಿ ಶಾಲಾ ಮಕ್ಕಳಿಗೆ ತಲುಪಿಸುತ್ತಿದೆ, ಒಳ್ಳೆಯ ಕೆಲಸ. ಆದರೆ ನಮ್ಮಲ್ಲಿ ಹೆಚ್ಚಿನವರು ಹಳೆಯ ಜೋಡಿಯನ್ನು ಕೊಡುವುದು ಮನೆಗೆಲಸಕ್ಕೆ ಬರುವವರಿಗೆ, ಕಾವಲುಗಾರರಿಗೆ. ಇಲ್ಲಿ ನಾನು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇನೆ. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಮೆಟ್ಟದೆ, ಕೈಯಲ್ಲಿ ಹಿಡಿದು ನಡೆಯಬೇಕಾಗಿ ಬಂದ ಜನ ಈ ನಾಡಿನಲ್ಲಿ ಇದ್ದರು. ಆ ಚಪ್ಪಲಿ ಮಾಡಿದವರೂ ಅವರೇ. ಆ ಇತಿಹಾಸ ಇರುವ ನೆಲದಲ್ಲಿ, ಅಳತೆ ಕೇಳದೆ, ಬೇಕೇ ಎಂದು ಕೇಳದೆ, ಹರಿದ ಜೋಡಿಯನ್ನು ಒಬ್ಬರ ಕೈಗೆ ತುರುಕಿ ಪುಣ್ಯ ಕಟ್ಟಿಕೊಂಡೆ ಎಂದುಕೊಳ್ಳುವುದು ಸರಿಯಲ್ಲ. ನಿಮಗೆ ಹಾಕಿಕೊಳ್ಳಲು ನಾಚಿಕೆಯಾದದ್ದು ಅವರಿಗೂ ಆಗುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಸ್ನೀಕರ್‌ಗಳನ್ನು ಹಾಕದೆ ಸಂಗ್ರಹಿಸಿಟ್ಟು ಮುಂದೆ ಹೆಚ್ಚು ಬೆಲೆಗೆ ಮಾರುವವರಿದ್ದಾರಲ್ಲ? ಅವರ ಲೆಕ್ಕ ತಪ್ಪೇ?"

ಲಾಭ ಮಾಡಿದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. 2023ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಆಡುವಾಗ ಹಾಕಿದ್ದ ಒಂದು ಜೋಡಿ ಸೋದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋಯಿತು. ಆ ಬೆಲೆ ಆ ಆಟಗಾರನ ಕಾಲಿನದು. ಆತನ ಹೆಸರಲ್ಲೇ ಮಾರುವ ಏರ್ ಜೋರ್ಡನ್ ಬೂಟುಗಳಲ್ಲಿ, 1980ರ ದಶಕದ ಕೊನೆಯವುಗಳ ಪೈಕಿ ನಡುವಿನ ಅಟ್ಟೆ ಪಾಲಿಯುರೇಥೇನ್ ಆಗಿದ್ದವು ಈಗ ಹಾಕಿದರೆ ಪುಡಿಯಾಗುತ್ತವೆ ಎಂದು ಸಂಗ್ರಹಕಾರರೆಲ್ಲರಿಗೂ ಗೊತ್ತು. ಅವು ಈಗ ನೋಡುವ ವಸ್ತು, ನಡೆಯುವ ವಸ್ತುವಲ್ಲ. ನಿನ್ನ ಕೈಯಲ್ಲಿರುವ ಜೋಡಿ ಅಂಥ ಅಪರೂಪದ್ದೇ, ತೇವವಿಲ್ಲದ ಜಾಗದಲ್ಲಿ ಅದನ್ನು ಕಾಯುವ ಅನುಕೂಲ ನಿನಗಿದೆಯೇ, ಎರಡಕ್ಕೂ ಹೌದು ಎಂದಾದರೆ ಇಡು. ಇಲ್ಲವಾದರೆ ಹಾಕಿಕೊಂಡು ಓಡಾಡು ತಮ್ಮಾ, ಬೂಟು ಮಾಡಿದ್ದೇ ಅದಕ್ಕೆ.

ಹಿರಿಯರೊಬ್ಬರು: "ನಮ್ಮ ತಂದೆಯವರ ಜೋಡು ಇವೆ. ಯಾರೂ ಮೆಟ್ಟುವುದಿಲ್ಲ. ಬಿಡಲು ಮನಸ್ಸಿಲ್ಲ. ನಿಮ್ಮ ಲೆಕ್ಕದಲ್ಲಿ ಇದು ತಪ್ಪೇನು?"

ತಪ್ಪಲ್ಲ ಸರ್. ನಾನು ಹೇಳಿದ್ದೆಲ್ಲ ಮೆಟ್ಟಬೇಕೆಂದು ಇಟ್ಟುಕೊಂಡ ಪಾದರಕ್ಷೆಗಳ ಬಗ್ಗೆ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮಾಡಿ ತಂದ ಪಾದುಕೆಯನ್ನು ಬಸವಣ್ಣನವರು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂದು ಶರಣರ ಕಥೆ ಹೇಳುತ್ತದೆ. ನೆನಪಿಗೆ ಇಡುವ ಜೋಡಿಗೆ ಫ್ಯಾಷನ್ನೂ ಇಲ್ಲ, ಅಳತೆಯೂ ಇಲ್ಲ. ಒಂದೇ ಮಾತು, ಮೂಲೆಯಲ್ಲಿ ಬೂಷ್ಟು ಹಿಡಿಯಲು ಬಿಡಬೇಡಿ. ಚರ್ಮದ್ದಾದರೆ ಒಣ ಬಟ್ಟೆಯಲ್ಲಿ ಒರೆಸಿ, ವರ್ಷಕ್ಕೊಂದೆರಡು ಸಲ ತೆಳುವಾಗಿ ಕ್ರೀಮು ಹಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಎಣ್ಣೆ ಹೆಚ್ಚು ಹಾಕಿದರೆ ಇಲಿ, ಜಿರಲೆ ಬರುತ್ತವೆ.

ಕೊನೆಗೆ ಗೃಹಿಣಿಯೊಬ್ಬರು: "ಕೊಡುವುದಾದರೆ ಹೇಗೆ ಕೊಡಬೇಕು ಹೇಳಿ. ಮಕ್ಕಳದು ಆರು ತಿಂಗಳಿಗೇ ಸಣ್ಣದಾಗುತ್ತವೆ."

ಅಕ್ಕಾ, ಮಕ್ಕಳದು ಸಣ್ಣದಾದ ವಾರದಲ್ಲೇ ಕೊಡಿ, ಮುಂದಿನ ವರ್ಷ ಯಾರಿಗಾದರೂ ಆಗುತ್ತದೆ ಎಂದು ಇಡಬೇಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ 2015ರ ಶೈಕ್ಷಣಿಕ ವರ್ಷದಿಂದ ಶೂ, ಸಾಕ್ಸ್ ಕೊಡುತ್ತಿದ್ದಾರೆ, ಆದರೆ ವರ್ಷಕ್ಕೆ ಒಂದೇ ಜೋಡಿ. ಬೆಳೆಯುವ ಪಾದ ವರ್ಷದ ತನಕ ಕಾಯುವುದಿಲ್ಲ. ಹಾಗಾಗಿ ಹತ್ತಿರದ ಶಾಲೆಯ ಮೇಷ್ಟ್ರನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಮೊದಲು ಕೇಳಿ, ಯಾವ ಅಳತೆ ಬೇಕು ಎಂದು. ಒಳಗಿನ ಸೋಲ್ ತೆಗೆದು ಬೇರೆ ತೊಳೆಯಿರಿ, ನೆರಳಲ್ಲಿ ಪೂರ್ತಿ ಒಣಗಿಸಿ. ಬೇರೊಬ್ಬರ ಹಿಮ್ಮಡಿ ಸವೆಸಿದ ಬೂಟು ಎಳೆಯ ಕಾಲನ್ನು ಅದೇ ಕಡೆಗೆ ವಾಲಿಸಬಹುದು, ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿದ್ದರೆ ಕೊಡಲೇಬೇಡಿ. ಲೇಸು ಹರಿದಿದ್ದರೆ ಹೊಸದು ಹಾಕಿ. ಎರಡನ್ನೂ ಲೇಸಿನಿಂದಲೇ ಒಂದಕ್ಕೊಂದು ಕಟ್ಟಿ, ಚೀಟಿಯಲ್ಲಿ ನಂಬರು ಬರೆದು ಒಳಗಿಡಿ. ಕಟ್ಟದೆ ಚೀಲಕ್ಕೆ ಸುರಿದು ಕೊಟ್ಟರೆ ಎಡದ್ದು ಒಂದು ಕಡೆ, ಬಲದ್ದು ಒಂದು ಕಡೆ ಆಗಿ ಎರಡೂ ಕಸಕ್ಕೆ ಹೋಗುತ್ತವೆ.